ಮೊದಲ ವರ್ಷ ಕೋವಿ ಬೇಡ, ಕಿವಿ ಸಾಕು

ಹಿಂದಿನ ಸಂಚಿಕೆಯಲ್ಲಿ ಅಮೆರಿಕದ ಕಾಡು ಟರ್ಕಿ ಕೋಳಿಯ ಬೇಟೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಪ್ರಶ್ನೆಗಳು ಬಂದಿವೆ. ಹೊಸಬರು ಕೇಳಿದವನ್ನು ಮೊದಲು ಎತ್ತಿಕೊಂಡಿದ್ದೇನೆ. ಪರಿಚಯ ಇಲ್ಲದವರಿಗೆ ಒಂದು ಮಾತು: ನನ್ನ ಹುಟ್ಟೂರು ತೀರ್ಥಹಳ್ಳಿ ಕಡೆ. 22 ವರ್ಷದಿಂದ ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್ ಊರಿನ ಹತ್ತಿರ ಇದ್ದೇನೆ. 14 ಮೇ ತಿಂಗಳುಗಳನ್ನು ಈ ಹಕ್ಕಿಯ ಹಿಂದೆ ಕಳೆದಿದ್ದೇನೆ. ಮನೆಗೆ ತಂದದ್ದು 9.

ಪ್ರಶ್ನೆ: ಅಕ್ಕಾ, ನಾನು ಪಿಟ್ಸ್‌ಬರ್ಗ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಆಫೀಸಿನ ಸ್ನೇಹಿತರು ಬರುವ ಮೇ ತಿಂಗಳಲ್ಲಿ ಟರ್ಕಿ ಬೇಟೆಗೆ ಕರೆದಿದ್ದಾರೆ. ನಾನು ಇದುವರೆಗೆ ಕೋವಿ ಮುಟ್ಟಿದವನೇ ಅಲ್ಲ. ಯಾವ ಕೋವಿ ಕೊಳ್ಳಲಿ? ಎಲ್ಲಿಂದ ಶುರು ಮಾಡಲಿ?

ಉತ್ತರ: ಕೋವಿ ಮಾತು ಆಮೇಲೆ ನೋಡೋಣ. ಈ ವರ್ಷ ಬರಿಗೈಯಲ್ಲಿ ಹೋಗಿ. ಸ್ನೇಹಿತರು ಕೋವಿ ಹಿಡಿದು ಕೂರಲಿ, ನೀವು ಪಕ್ಕದಲ್ಲಿ ಸುಮ್ನೆ ಕೂತು ಕೇಳಿಸಿಕೊಳ್ಳಿ. ಒಂದು ವರ್ಷ ದಂಡ ಅಂತ ಅನಿಸಬಹುದು. ಖಂಡಿತ ದಂಡ ಅಲ್ಲ. ನನಗೆ ಇದನ್ನು ಕಲಿಸಿದ್ದು ಪಕ್ಕದ ಜಮೀನಿನ ಅಜ್ಜ. ಮೊದಲ ವರ್ಷ ಅವರು ನನ್ನ ಕೈಗೆ ಕೋವಿ ಕೊಡಲೇ ಇಲ್ಲ. ಒಂದು ಫ್ಲಾಸ್ಕ್ ಕಾಫಿ ಕೊಟ್ಟು ಹೆಮ್‌ಲಾಕ್ ಮರದ ಬುಡದಲ್ಲಿ ಕೂರಿಸಿದರು. ಎಷ್ಟು ಹುಂಜ ಕೂಗಿದವು, ಯಾವ ದಿಕ್ಕಿನಿಂದ, ಮರದ ಮೇಲಿಂದಲೋ ನೆಲದಿಂದಲೋ, ಇಷ್ಟನ್ನು ಹೇಳು ಎಂದರು. ಮೊದಲ ವಾರ ನನಗೆ ಒಂದೂ ಸರಿಯಾಗಿ ಹೇಳಲು ಬರಲಿಲ್ಲ. ಎಲೆ ಚಿಗುರಿದ ಮೇಲೆ ಕೂಗು ದೂರದಲ್ಲಿ ಕೇಳಿದಂತೆ ಇರುತ್ತದೆ, ಹಕ್ಕಿ ಮಾತ್ರ ಹತ್ತಿರದಲ್ಲೇ ಇರುತ್ತದೆ. ಅದು ಕಿವಿಗೆ ರೂಢಿ ಆಗಬೇಕು, ಓದಿದರೆ ಬರುವುದಿಲ್ಲ.

ನಮ್ಮ ಮಲೆನಾಡಿನಲ್ಲಿ ಹಿಂದೆ ಬೇಟೆ ಎರಡು ಥರ ಇತ್ತು. ಹಳು ನುಗ್ಗಿ ಪ್ರಾಣಿ ಎಬ್ಬಿಸುವುದು ಒಂದು. ಮರಸು ಕೂರುವುದು, ಅಂದರೆ ಮರೆಯಲ್ಲಿ ಅಡಗಿ ಕಾಯುವುದು, ಇನ್ನೊಂದು. ಟರ್ಕಿ ಬೇಟೆ ಪೂರ್ತಿ ಮರಸು. ಪೆನ್ಸಿಲ್ವೇನಿಯಾದಲ್ಲಂತೂ ಕಾನೂನೇ ಹಾಗಿದೆ. ವಸಂತದ ಸೀಸನ್ನಿನಲ್ಲಿ ಹಕ್ಕಿಯನ್ನು ಕೂಗಿ ಕರೆದು ಹೊಡೆಯಬೇಕೇ ಹೊರತು, ಸದ್ದಿನ ಬೆನ್ನು ಹತ್ತಿ ಹೋಗುವಂತಿಲ್ಲ.

ಏಪ್ರಿಲ್‌ನಲ್ಲೇ ಕಾಡು ಓಡಾಡಿ ನೋಡಿ. ತರಗೆಲೆ ಕೆದಕಿದ ಗುರುತು ಇದ್ದರೆ ಟರ್ಕಿ ಅಲ್ಲಿ ಮೇಯುತ್ತಿದೆ. ಹಿಕ್ಕೆ ನೋಡಿದರೆ ಗಂಡೋ ಹೆಣ್ಣೋ ಗೊತ್ತಾಗುತ್ತದೆ. ಹುಂಜದ ಹಿಕ್ಕೆ ಉದ್ದಕ್ಕಿದ್ದು ತುದಿಯಲ್ಲಿ ಕೊಕ್ಕೆಯಂತೆ ಬಾಗಿರುತ್ತದೆ. ಹೇಂಟೆಯದ್ದು ಸುರುಳಿ ಸುತ್ತಿದ ಮುದ್ದೆ. ಎದೆಯ ಗರಿ ಸಿಕ್ಕಿದರೆ ತುದಿ ನೋಡಿ. ಕಪ್ಪು ಅಂಚಿದ್ದರೆ ಹುಂಜ, ಕಂದು ಅಂಚಿದ್ದರೆ ಹೇಂಟೆ. ಬೆಳಕು ಹರಿಯುವ ಮುಂಚೆ ರಸ್ತೆ ಬದಿಯಲ್ಲೇ ಕಾರು ನಿಲ್ಲಿಸಿ ಇಳಿದು ಕೇಳಿ. ಟರ್ಕಿ ರಾತ್ರಿ ಮರದ ಮೇಲೆ ಮಲಗುತ್ತದೆ, ಅಲ್ಲಿಂದಲೇ ಮೊದಲ ಕೂಗು ಹಾಕುತ್ತದೆ. ಗೂಬೆ ಕೂಗಿದರೂ ಉತ್ತರ ಕೊಡುತ್ತದೆ. ಇಲ್ಲಿನವರು ಗೂಬೆಯ ದನಿ ಮಾಡಿ ಅದು ಎಲ್ಲಿದೆ ಎಂದು ಪತ್ತೆ ಹಚ್ಚುವುದು ಹಾಗೆ.

ಅದರ ಜೊತೆಗೇ ಹಂಟರ್-ಟ್ರ್ಯಾಪರ್ ಎಜುಕೇಷನ್ ಎಂಬ ತರಗತಿ ಮುಗಿಸಿ. ಆ ಸರ್ಟಿಫಿಕೇಟ್ ಇದ್ದರೆ ಲೈಸೆನ್ಸ್ ಸಿಗುತ್ತದೆ. ಲೈಸೆನ್ಸ್ ಜೊತೆಗೆ ವಸಂತಕ್ಕೆ ಒಂದು ಟ್ಯಾಗ್, ಅಂದರೆ ಒಂದು ಹಕ್ಕಿ ಹೊಡೆಯಲು ಅನುಮತಿಯ ಚೀಟಿ, ಬರುತ್ತದೆ. ಗಡ್ಡ ಇರುವ ಹಕ್ಕಿಯನ್ನು ಮಾತ್ರ ಹೊಡೆಯಬಹುದು. ಗಡ್ಡ ಎಂದರೆ ಎದೆಯಿಂದ ಜೋತುಬಿದ್ದ, ಕುದುರೆ ಬಾಲದ ಕೂದಲಿನಂಥ ಗರಿಗಳ ಜೊಂಪೆ. ಅಪರೂಪಕ್ಕೆ ಹೇಂಟೆಗೂ ಗಡ್ಡ ಇರುತ್ತದೆ. ಕಾನೂನು ಒಪ್ಪಿದರೂ ನಾನು ಹೊಡೆಯುವುದಿಲ್ಲ, ಆ ಹೊತ್ತಿಗೆ ಅದು ಮೊಟ್ಟೆ ಇಟ್ಟಿರುತ್ತದೆ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಗೆಳೆಯನ ಕೋವಿ ಇಸಿದುಕೊಂಡು ಒಂದೆರಡು ಈಡು ಹೊಡೆದು ಅಭ್ಯಾಸ ಮಾಡಬಹುದಾ? (ಹ್ಯಾರಿಸ್‌ಬರ್ಗ್‌ನಿಂದ ಒಬ್ಬ ಓದುಗ)

ಉತ್ತರ: ದಯವಿಟ್ಟು ತಡೆಯಿರಿ. ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಎಚ್-1ಬಿ, ವಿದ್ಯಾರ್ಥಿ ವೀಸಾ ಮುಂತಾದ ತಾತ್ಕಾಲಿಕ ವೀಸಾದವರು ಕೋವಿಯನ್ನಾಗಲಿ ತೋಟೆಯನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಎರವಲು ತಂದದ್ದು ಎಂದರೂ ನಡೆಯುವುದಿಲ್ಲ. ಇದಕ್ಕೆ ಇರುವ ವಿನಾಯಿತಿಗಳಲ್ಲಿ ನಮಗೆ ಬೇಕಾದದ್ದು ಒಂದೇ: ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಹಾಗಾಗಿ ತರಗತಿ ಮೊದಲು, ಲೈಸೆನ್ಸ್ ಆಮೇಲೆ, ಕೋವಿ ಮುಟ್ಟುವುದು ಅದಾದ ಮೇಲೆ. ಪೆನ್ಸಿಲ್ವೇನಿಯಾ ಲೈಸೆನ್ಸಿನ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಕೋವಿ ಮನೆಯಲ್ಲಿ ಇದ್ದು ಲೈಸೆನ್ಸ್ ಮುಗಿದಿದ್ದರೆ ನೀವು ಸಿಕ್ಕಿಹಾಕಿಕೊಂಡ ಹಾಗೆಯೇ. ನಿಮ್ಮ ಇಮಿಗ್ರೇಷನ್ ವಕೀಲರನ್ನೂ ಒಂದು ಮಾತು ಕೇಳಿ. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ.

ಒಂದು ಹಕ್ಕಿಗೋಸ್ಕರ ವರ್ಷಗಟ್ಟಲೆ ಕಟ್ಟಿದ ಬದುಕನ್ನು ಪಣಕ್ಕೆ ಇಡಬೇಡಿ.

ಪ್ರಶ್ನೆ: ಟರ್ಕಿ ಕರೆಯಲು ಅಂಗಡಿಯಲ್ಲಿ ಹತ್ತಾರು ಥರದ ಸಾಮಾನು ಇವೆ. ಹೊಸಬರಿಗೆ ಯಾವುದು? (ನ್ಯೂಜೆರ್ಸಿ)

ಉತ್ತರ: ಬಾಕ್ಸ್ ಕಾಲ್ ತೆಗೆದುಕೊಳ್ಳಿ. ಉದ್ದನೆಯ ಮರದ ಪೆಟ್ಟಿಗೆ, ಮೇಲೊಂದು ಹಿಡಿ ಇರುವ ಮುಚ್ಚಳ. ಮುಚ್ಚಳಕ್ಕೆ ಸೀಮೆಸುಣ್ಣ ತಿಕ್ಕಿ ಪೆಟ್ಟಿಗೆಯ ಅಂಚಿಗೆ ಉಜ್ಜಿದರೆ ಹೇಂಟೆಯ ದನಿ ಬರುತ್ತದೆ. ಹತ್ತು ನಿಮಿಷದಲ್ಲಿ ಒಂದು ಮಟ್ಟಿಗೆ ಕಲಿಯಬಹುದು. ಒದ್ದೆಯಾದರೆ ಮಾತ್ರ ದನಿ ಹೋಗುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಳ್ಳಿ. ಸ್ಲೇಟಿನ ಮೇಲೆ ಕಡ್ಡಿ ತೀಡುವ ಪಾಟ್ ಕಾಲ್ ಎರಡನೆಯದು, ಮೆತ್ತಗಿನ ದನಿಗೆ ಅದು ಚೆನ್ನ. ಬಾಯೊಳಗೆ ಇಟ್ಟುಕೊಳ್ಳುವ ಡಯಾಫ್ರಂಗೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಅದನ್ನು ಕಾರಿನಲ್ಲಿ ಕೆಲಸಕ್ಕೆ ಹೋಗುವಾಗ ಕಲಿಯಿರಿ.

ಮೂರು ದನಿ ಬಂದರೆ ಸಾಕು. ಐದಾರು ಸಲ ಒಂದೇ ಲಯದಲ್ಲಿ ಬರುವ 'ಕ್ಯಾವ್ ಕ್ಯಾವ್ ಕ್ಯಾವ್', ಇದನ್ನು ಯೆಲ್ಪ್ ಎನ್ನುತ್ತಾರೆ. 'ನಾನಿಲ್ಲಿದ್ದೇನೆ' ಎನ್ನುವ ಮಾತು ಅದು. ಒಂಟಿ 'ಕ್ಲಕ್'. ಮೇಯುವಾಗ ಗಂಟಲಲ್ಲೇ ಹೊರಡಿಸುವ ಪರ್. 'ಪಟ್! ಪಟ್!' ಎಂಬ ಚೂಪು ದನಿ ನಿಮ್ಮ ಕೈಯಿಂದ ಬಾರದಂತೆ ನೋಡಿಕೊಳ್ಳಿ, ಅದು ಅಪಾಯದ ಸೂಚನೆ. ಹಕ್ಕಿಯೇ ಆ ದನಿ ಮಾಡಿದರೆ ಅದು ನಿಮ್ಮನ್ನು ಕಂಡುಬಿಟ್ಟಿದೆ ಎಂದು ಅರ್ಥ.

ಪ್ರಶ್ನೆ: ಹೋದ ಮೇನಲ್ಲಿ ಮೂರು ಬೆಳಗ್ಗೆ ಕೂತೆ. ಹುಂಜ ನನ್ನ ಪ್ರತಿ ಕರೆಗೂ ಉತ್ತರ ಕೊಟ್ಟಿತು. ನೂರು ಹೆಜ್ಜೆ ದೂರದವರೆಗೆ ಬಂದು ನಿಂತುಬಿಟ್ಟಿತು. ಅರ್ಧ ಗಂಟೆ ಕೂಗಿ ಹೊರಟುಹೋಯಿತು. ಎಲ್ಲಿ ತಪ್ಪಿದೆ? (ಸ್ಕ್ರಾಂಟನ್)

ಉತ್ತರ: ಈ ಪ್ರಶ್ನೆ ಓದಿ ನನಗೆ ತುಂಬಾ ಖುಷಿ ಆಯಿತು. ಮೂರು ಬೆಳಗ್ಗೆ ಕೂತಿದ್ದೀರಿ, ಅದು ಏನು ಮಾಡಿತು ಎಂದು ನೋಡಿದ್ದೀರಿ. ನಿಮಗೆ ಈ ಬೇಟೆ ಹಿಡಿಸುತ್ತದೆ.

ಟರ್ಕಿಯ ಲೋಕದಲ್ಲಿ ಹುಂಜ ಕೂಗಿದರೆ ಹೇಂಟೆ ಅದರ ಹತ್ತಿರ ಹೋಗಬೇಕು. ಅದೇ ಪದ್ಧತಿ. ನಾವು ಹೇಂಟೆಯ ದನಿ ಮಾಡಿ ಹುಂಜವನ್ನು ಕರೆಯುತ್ತೇವೆ, ಅಂದರೆ ಪದ್ಧತಿಯನ್ನು ತಿರುಗಿಸುತ್ತೇವೆ. ಅದು ನಿಂತಲ್ಲೇ ನಿಂತು 'ನೀನೇ ಬಾ' ಎನ್ನುತ್ತಿತ್ತು. ನೀವು ಉತ್ತರ ಕೊಡುತ್ತಾ ಹೋದಷ್ಟೂ ಅದಕ್ಕೆ ಹೇಂಟೆ ಬಂದೇ ಬರುತ್ತದೆ ಎಂಬ ನಂಬಿಕೆ. ಹಾಗಾದಾಗ ಸುಮ್ಮನಾಗಿ. ಪೆಟ್ಟಿಗೆಯನ್ನು ನೆಲಕ್ಕೆ ಇಡಿ. ಕೈಯಿಂದ ತರಗೆಲೆಯನ್ನು ಎರಡು ಸಲ ಮೆಲ್ಲಗೆ ಕೆದಕಿ, ಕೋಳಿ ಕೆದಕುವ ಹಾಗೆ. ಆಮೇಲೆ ಏನೂ ಮಾಡಬೇಡಿ. ಇಪ್ಪತ್ತು ನಿಮಿಷ, ನಲವತ್ತು ನಿಮಿಷ. ನಡುವೆ ಹಳ್ಳ, ಬೇಲಿ, ದಟ್ಟ ಪೊದೆ ಇದ್ದರೂ ಹುಂಜ ಹಿಂಜರಿಯುತ್ತದೆ, ಮುಂದಿನ ಸಲ ಜಾಗ ನೋಡಿ ಕೂತುಕೊಳ್ಳಿ.

ಐದನೆಯ ವರ್ಷ ರಾತ್‌ರಾಕ್ ಸ್ಟೇಟ್ ಫಾರೆಸ್ಟಿನ ಒಂದು ಇಳಿಜಾರಿನಲ್ಲಿ ನನಗೂ ಇದೇ ಆಯಿತು. ಐದೂವರೆಗೆ ಕೂಗಲು ಶುರು ಮಾಡಿದ ಹುಂಜ ಏಳು ಗಂಟೆಗೆ ಮೌನವಾಯಿತು. ಹೋಯಿತು ಎಂದುಕೊಂಡೆ. ಎದ್ದೇಳಬೇಕು ಎನ್ನುವಷ್ಟರಲ್ಲಿ ಎದೆಯ ಒಳಗೆ ಏನೋ ಸದ್ದು. ಕಿವಿಗೆ ಬೀಳುವ ಮುಂಚೆ ಪಕ್ಕೆಲುಬಿಗೆ ಗೊತ್ತಾಗುವ ಸದ್ದು ಅದು. ಮೊದಲು 'ಪ್ಸ್' ಎಂದು ಉಗುಳಿದ ಹಾಗೆ, ಹಿಂದೆಯೇ 'ಢುಂ...' ಎಂದು ದೂರದ ಲಾರಿ ಏರು ಹತ್ತಿದ ಹಾಗೆ. ಇದನ್ನು ಡ್ರಮ್ಮಿಂಗ್ ಎನ್ನುತ್ತಾರೆ. ಇದು ಕೇಳಿಸಿದರೆ ಹಕ್ಕಿ ಬಹಳ ಹತ್ತಿರ. ಕಣ್ಣು ಮಾತ್ರ ಹೊರಳಿಸಿದೆ. ಲಾರೆಲ್ ಪೊದೆಯ ಆಚೆ ಬಿಳಿ ಬಣ್ಣದ ನೆತ್ತಿ. ಕೆನ್ನೆ ನೀಲಿ. ಕತ್ತಿನ ಗಂಟುಗಳು ಕೆಂಪು. ಬಾಲ ಬಿಚ್ಚಿ, ರೆಕ್ಕೆಯ ತುದಿಯನ್ನು ತರಗೆಲೆ ಮೇಲೆ ಎಳೆಯುತ್ತಾ ಒಂದೊಂದೇ ಹೆಜ್ಜೆ ಇಡುತ್ತಿತ್ತು. ಎಳೆಬಿಸಿಲು ಬಿದ್ದಾಗ ಮೈಯ ಗರಿಗಳು ತಾಮ್ರದ ಹಂಡೆಯಂತೆ ಹೊಳೆದವು. ನಮ್ಮೂರಿನ ನವಿಲನ್ನು ಅಷ್ಟು ಹತ್ತಿರದಿಂದ ನಾನು ನೋಡಿಲ್ಲ. ಕೋವಿ ಮಂಡಿಯ ಮೇಲೇ ಇತ್ತು. ಎತ್ತಲಿಲ್ಲ. ಎತ್ತಿದ್ದರೆ ಅದು ನೋಡುತ್ತಿತ್ತು, ನಿಜ. ಆದರೆ ಎತ್ತದೇ ಇದ್ದದ್ದು ಆ ಕಾರಣಕ್ಕಲ್ಲ. ಆ ಹೊತ್ತಿಗೆ ನನಗೆ ಅದು ನೋಡುವುದಕ್ಕೆ ಬೇಕಿತ್ತು.

ಪ್ರಶ್ನೆ: ಎಷ್ಟು ದೂರದಿಂದ ಹೊಡೆಯಬಹುದು? ಕೋವಿ, ತೋಟೆ ಯಾವುದು? (ಪಿಟ್ಸ್‌ಬರ್ಗ್, ಮತ್ತೊಬ್ಬ ಓದುಗ)

ಉತ್ತರ: 20 ಗೇಜಿನ ಶಾಟ್‌ಗನ್ ಸಾಕು. ಗೇಜ್ ಎಂದರೆ ನಳಿಗೆಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. ನನ್ನದೂ ಅದೇ. 12 ಗೇಜ್ ಜೋರು ಒದೆಯುತ್ತದೆ, ಹೊಸಬರು ಒದೆತಕ್ಕೆ ಹೆದರಿ ಕಣ್ಣು ಮುಚ್ಚುತ್ತಾರೆ. ಚರೆ, ಅಂದರೆ ತೋಟೆಯೊಳಗಿನ ಸಣ್ಣ ಗುಂಡು, 5ನೇ ನಂಬರಿನದು ಇರಲಿ. ಚರೆ ಹೆಚ್ಚು ಹರಡದಂತೆ ನಳಿಗೆಯ ತುದಿಯನ್ನು ಕಿರಿದು ಮಾಡುವ ಬಿಗಿ ಚೋಕ್ ಹಾಕಿ.

ಟರ್ಕಿಗೆ ಗುರಿ ತಲೆ ಮತ್ತು ಕತ್ತು. ಮೈಗೆ ಹೊಡೆದರೆ ದಪ್ಪ ಗರಿಯಲ್ಲಿ ಚರೆ ಸಿಕ್ಕಿ ಹಕ್ಕಿ ಗಾಯಗೊಂಡು ಹೋಗುತ್ತದೆ. ಬಾಲ ಬಿಚ್ಚಿ ಕತ್ತು ಒಳಗೆ ಎಳೆದುಕೊಂಡಿರುವಾಗ ಹೊಡೆಯಬೇಡಿ. ಒಂದು 'ಕ್ಲಕ್' ಮಾಡಿ, ತಲೆ ಎತ್ತುತ್ತದೆ. ಗರಿ ಮುಗಿದು ಬೋಳು ಕತ್ತು ಶುರುವಾಗುವ ಜಾಗ ನೋಡಿ. ಸೀಸನ್ನಿಗೆ ಮುಂಚೆ ಕಾಗದದ ಮೇಲೆ 10 ಇಂಚಿನ ವೃತ್ತ ಬರೆದು 20, 30, 40 ಗಜದಿಂದ ಹೊಡೆದು ನೋಡಿ. ವೃತ್ತದೊಳಗೆ 100 ಚರೆ ಎಲ್ಲಿಯವರೆಗೆ ಬೀಳುತ್ತದೋ ಅಲ್ಲಿಗೆ ನಿಮ್ಮ ಕೋವಿಯ ದೂರ ಮುಗಿಯಿತು. ನನ್ನ ಮಿತಿ 30 ಗಜ.

ಈ ಮಿತಿ ನಾನು ಹಾಕಿಕೊಂಡದ್ದು ಒಂದು ತಪ್ಪಿನಿಂದ. ಎರಡನೆಯ ವರ್ಷ ಆಸೆಗೆ ಬಿದ್ದು ಸುಮಾರು 50 ಗಜಕ್ಕೆ ಹೊಡೆದೆ. ಹಕ್ಕಿ ಉರುಳಿ, ಎದ್ದು, ಓಡಿತು. ಗರಿ ಬಿದ್ದಿತ್ತು, ಎರಡು ಹನಿ ರಕ್ತ ಇತ್ತು. ಸಂಜೆವರೆಗೂ ಹುಡುಕಿದೆ, ಮರುದಿನವೂ ಹೋದೆ. ಸಿಗಲಿಲ್ಲ. ಆ ಸೀಸನ್ನಿನಲ್ಲಿ ನಾನು ಮತ್ತೆ ಕೋವಿ ಹಿಡಿಯಲಿಲ್ಲ. ಇವತ್ತಿಗೂ ಆ ಜಾಗ ದಾಟುವಾಗ ಕಣ್ಣು ನೆಲಕ್ಕೆ ಹೋಗುತ್ತದೆ.

ಪ್ರಶ್ನೆ: ನನ್ನ ಮಗ ಓಹಿಯೋದಲ್ಲಿದ್ದಾನೆ. ಈ ಬೇಟೆಯ ಹುಚ್ಚು ಹಿಡಿದಿದೆ. ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಅಪಾಯ ಇಲ್ಲವಾ? (ಮೈಸೂರಿನಿಂದ ಒಬ್ಬ ತಾಯಿ)

ಉತ್ತರ: ಅಮ್ಮಾ, ಇಲ್ಲ ಎಂದು ನಿಮಗೆ ಸುಳ್ಳು ಹೇಳುವುದಿಲ್ಲ. ಅಪಾಯ ಇದೆ, ಅದು ಎಲ್ಲಿಂದ ಬರುತ್ತದೆ ಎಂದು ಹೇಳುತ್ತೇನೆ. ನೀವು ಮಗನಿಗೆ ಓದಿ ಹೇಳಿ.

ಮೂರನೆಯ ವರ್ಷ. ಸರ್ಕಾರಿ ಕಾಡು, ಅಂದರೆ ಯಾರು ಬೇಕಾದರೂ ಬರಬಹುದಾದ ಜಾಗ. ನಾನು ಮೈತುಂಬ ಹಸಿರು ಬಟ್ಟೆ ಹಾಕಿ ಕೂತು ಹೇಂಟೆಯ ದನಿ ಮಾಡುತ್ತಿದ್ದೆ. ಚಳಿಗೆ ಮೂಗು ಸೋರಿತು. ಜೇಬಿನಿಂದ ಬಿಳಿ ಕರವಸ್ತ್ರ ತೆಗೆದೆ. ಎಡಗಡೆ ಒಂದು ಕಡ್ಡಿ ಮುರಿದ ಸದ್ದು. ಕಣ್ಣು ಹೊರಳಿಸಿದರೆ, ಮೂವತ್ತೈದು ಹೆಜ್ಜೆ ಆಚೆ ಒಬ್ಬ ಮನುಷ್ಯ ಮಂಡಿಯೂರಿದ್ದಾನೆ, ಕೋವಿ ಭುಜಕ್ಕೆ ಬಂದಿದೆ, ನಳಿಗೆ ನನ್ನ ಕಡೆಗಿದೆ. ನನ್ನ ದನಿಯನ್ನು ಟರ್ಕಿ ಎಂದುಕೊಂಡು ತೆವಳಿ ಬಂದಿದ್ದ. ಕರವಸ್ತ್ರವನ್ನು ಹುಂಜದ ಬಿಳಿ ತಲೆ ಎಂದುಕೊಂಡಿದ್ದ. ನಾನು 'ಏಯ್!' ಎಂದು ಕೂಗಿದೆ. ಅಷ್ಟು ವರ್ಷ ಇಂಗ್ಲಿಷ್‌ನಲ್ಲಿ ಬದುಕಿದರೂ ಬಾಯಿಗೆ ಬಂದದ್ದು ಅದೇ. ಅವನು ಕೋವಿ ಕೆಳಗಿಟ್ಟ. ಮಾತಾಡಲು ಆಗದೆ ನೆಲದ ಮೇಲೆ ಕೂತ, ಕೈ ನಡುಗುತ್ತಿತ್ತು. ನನ್ನದೂ ನಡುಗುತ್ತಿತ್ತು. ಅವತ್ತು ಇಬ್ಬರೂ ಒಟ್ಟಿಗೆ ರಸ್ತೆವರೆಗೆ ನಡೆದು ಬಂದೆವು.

ಮಗನಿಗೆ ಹೇಳಿ: ಕೆಂಪು, ಬಿಳಿ, ನೀಲಿ ಬಣ್ಣದ ಒಂದು ಎಳೆಯೂ ಮೈಮೇಲೆ ಕಾಣಬಾರದು. ಕಾಲುಚೀಲ, ಕೈವಸ್ತ್ರ ಕೂಡ. ಹುಂಜದ ತಲೆಯ ಬಣ್ಣ ಅವೇ. ಬೆನ್ನಿಗೆ ತನ್ನ ಭುಜಕ್ಕಿಂತ ಅಗಲದ ಮರ ಇರಲಿ. ಬೇರೆ ಬೇಟೆಗಾರ ಕಂಡರೆ ಕೈ ಬೀಸಬಾರದು, ಹಕ್ಕಿಯ ದನಿಯನ್ನೂ ಮಾಡಬಾರದು, ಮನುಷ್ಯರ ದನಿಯಲ್ಲಿ ಜೋರಾಗಿ ಕೂಗಬೇಕು. ಟರ್ಕಿಯ ಸದ್ದು ಕೇಳಿದರೆ ಅದರ ಕಡೆಗೆ ತೆವಳಬಾರದು. ನಡೆಯುವಾಗ, ಹಕ್ಕಿ ಹೊತ್ತು ತರುವಾಗ ಕಿತ್ತಳೆ ಬಣ್ಣದ ಟೋಪಿ, ಬಟ್ಟೆ ಇರಲಿ. ಇಡೀ ಹಕ್ಕಿ ಕಣ್ಣಿಗೆ ಬಿದ್ದು, ಗಡ್ಡ ಕಂಡು, ಅದರ ಹಿಂದೆ ಏನಿದೆ ಎಂದು ನೋಡಿದ ಮೇಲಷ್ಟೇ ಬೆರಳು ಟ್ರಿಗರ್‌ಗೆ ಹೋಗಬೇಕು. ಕಾಡಿಗೆ ಹೋಗುವ ಮುಂಚೆ ಎಲ್ಲಿ ಕೂರುತ್ತೇನೆ, ಎಷ್ಟು ಗಂಟೆಗೆ ವಾಪಸ್ ಎಂದು ಯಾರಿಗಾದರೂ ಹೇಳಿ ಹೋಗಲಿ. ನಿಮಗೇ ಮೆಸೇಜ್ ಹಾಕಲಿ. ಅಲ್ಲಿ ಬೆಳಗಿನ ಜಾವ ಎಂದರೆ ನಿಮಗೆ ಮಧ್ಯಾಹ್ನ, ನಿದ್ದೆಗೆ ತೊಂದರೆ ಇಲ್ಲ.

ಪ್ರಶ್ನೆ: ಕಾಡಿನಲ್ಲಿ ಉಣ್ಣೆ (ರಕ್ತ ಹೀರುವ ಉಣುಗು) ಕಾಟ ಇದೆಯಾ? (ನ್ಯೂಜೆರ್ಸಿ)

ಉತ್ತರ: ಇದೆ, ಜೋರಾಗಿದೆ. ನಮ್ಮ ಶಿವಮೊಗ್ಗ ಜಿಲ್ಲೆಯವರಿಗೆ ಉಣ್ಣೆ ಎಂದರೆ ಮಂಗನ ಕಾಯಿಲೆಯ ನೆನಪು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಅದು 1957ರಲ್ಲಿ ಗೊತ್ತಾಯಿತು. ಇಲ್ಲಿ ಉಣ್ಣೆಯಿಂದ ಬರುವುದು ಲೈಮ್ ಕಾಯಿಲೆ. ಬಟ್ಟೆ, ಬೂಟಿಗೆ ಹಿಂದಿನ ದಿನವೇ ಪರ್ಮೆಥ್ರಿನ್ ಎಂಬ ಕೀಟನಾಶಕ ಹೊಡೆದು ಒಣಗಿಸಿ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಮನೆಗೆ ಬಂದ ತಕ್ಷಣ ಸ್ನಾನ ಮಾಡಿ ಕಂಕುಳು, ಮಂಡಿ ಹಿಂಭಾಗ, ಕೂದಲ ಬುಡ ನೋಡಿಕೊಳ್ಳಿ. ಕಚ್ಚಿದ್ದರೆ ಚಿಮಟದಲ್ಲಿ ಚರ್ಮದ ಹತ್ತಿರಕ್ಕೆ ಹಿಡಿದು ನೇರ ಎಳೆಯಿರಿ. ಸುತ್ತ ಕೆಂಪು ಬಳೆಯಂಥ ಕಲೆಯೋ ಜ್ವರವೋ ಬಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ನಮ್ಮಲ್ಲಿ ಕಾಡುಕೋಳಿ ಹೊಡೆದರೆ ಜೈಲು. ಅಲ್ಲಿ ಸರ್ಕಾರವೇ ಲೈಸೆನ್ಸ್ ಕೊಡುತ್ತದೆ. ಮಲೆನಾಡಿನಲ್ಲಿ ಹುಟ್ಟಿದ ನಿಮಗೆ ಇದು ಸರಿ ಅನಿಸುತ್ತದಾ? (ಶಿವಮೊಗ್ಗ)

ಉತ್ತರ: ನಿಮ್ಮ ಪ್ರಶ್ನೆಯನ್ನು ಬಹಳ ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ನನ್ನ ಅಜ್ಜನ ಹತ್ತಿರ ಬೆಳೆ ಕಾಯುವ ಒಂಟಿ ನಳಿಗೆ ಕೋವಿ ಇತ್ತು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಅವರು ಬೇಟೆ ಬಿಟ್ಟರು. ಕೋವಿಗೆ ಎಣ್ಣೆ ಹಾಕಿ ಒರೆಸಿ ಗೋಡೆಗೆ ನೇತುಹಾಕಿದರು. ಆ ಕಾಯಿದೆ ನಮ್ಮ ಕಾಡಿಗೆ ಬೇಕಿತ್ತು ಎಂದೇ ನಾನು ನಂಬುತ್ತೇನೆ. ಊರಿಗೆ ಬಂದಾಗ ಯಾರಾದರೂ 'ಒಂದು ಈಡು ಹೋಗೋಣ' ಎಂದರೆ ಖಂಡಿತ ಹೋಗುವುದಿಲ್ಲ.

ಇಲ್ಲಿನ ಕತೆ ಬೇರೆ. ಟರ್ಕಿಯೂ ಇಲ್ಲಿ ಮುಗಿದೇಹೋಗುವುದರಲ್ಲಿತ್ತು. ಕಾಡು ಕಡಿದರು, ಮಾರಾಟಕ್ಕೆ ಲೆಕ್ಕವಿಲ್ಲದೆ ಹೊಡೆದರು. 1930ರ ದಶಕದ ಹೊತ್ತಿಗೆ ಇಡೀ ದೇಶದಲ್ಲಿ ಹೆಚ್ಚೆಂದರೆ 2 ಲಕ್ಷ ಉಳಿದಿದ್ದವು. ಫಾರಂನಲ್ಲಿ ಸಾಕಿದ ಟರ್ಕಿಗಳನ್ನು ತಂದು ಬಿಟ್ಟರು. ಅವಕ್ಕೆ ಕಾಡಿನಲ್ಲಿ ಬದುಕುವುದು ಗೊತ್ತಿರಲಿಲ್ಲ, ಸತ್ತವು. ಆಮೇಲೆ ಉಳಿದ ಕಾಡು ಟರ್ಕಿಗಳನ್ನೇ ಬಲೆ ಹಾರಿಸಿ ಹಿಡಿದು, ಪೆಟ್ಟಿಗೆಯಲ್ಲಿ ಒಯ್ದು, ಹಕ್ಕಿ ಇಲ್ಲದ ಕಾಡುಗಳಲ್ಲಿ ಬಿಟ್ಟರು. ಅದು ಫಲ ಕೊಟ್ಟಿತು. ಈಗ 60 ಲಕ್ಷದ ಆಸುಪಾಸು ಇವೆ. ಇದಕ್ಕೆ ಬೇಕಾದ ಹಣದಲ್ಲಿ ದೊಡ್ಡ ಪಾಲು ಬೇಟೆಗಾರರದ್ದೇ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯಿದೆಯ ಪ್ರಕಾರ ಬೇಟೆ ಕೋವಿ, ತೋಟೆಗಳ ಮೇಲೆ ನೂರಕ್ಕೆ 11 ತೆರಿಗೆ ಇದೆ, ಅದು ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ಸೀಸನ್ ಕೂಡ ಹೆಚ್ಚಿನ ಹೇಂಟೆಗಳು ಕಾವಿಗೆ ಕೂತ ಮೇಲೆ ಬರುವ ಹಾಗೆ ಇಟ್ಟಿದ್ದಾರೆ. ಪೆನ್ಸಿಲ್ವೇನಿಯಾದಲ್ಲಿ ಮೊದಲ ಎರಡು ವಾರ ಮಧ್ಯಾಹ್ನಕ್ಕೇ ನಿಲ್ಲಿಸಬೇಕು, ಗೂಡಿನ ಹೇಂಟೆಗಳಿಗೆ ತೊಂದರೆ ಕಡಿಮೆ ಆಗಲಿ ಎಂದು.

ಇಷ್ಟೆಲ್ಲ ಗೊತ್ತಿದ್ದರೂ ಪ್ರತಿ ಸಲ ಹಕ್ಕಿ ಬಿದ್ದಾಗ ನನಗೆ ಗಂಟಲು ಕಟ್ಟುತ್ತದೆ. ಹತ್ತಿರ ಹೋಗಿ ಎದೆಯ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ಕೂರುತ್ತೇನೆ. ಆ ಬಿಸಿ ಆರುವುದು ಕೈಗೆ ತಿಳಿಯುತ್ತದೆ. ಸರಿ ಅನಿಸುತ್ತದಾ ಎಂದು ಕೇಳಿದಿರಿ. ಅಂಗಡಿಯ ಕೋಳಿ ತಿನ್ನುವಾಗ ನನಗೆ ಈ ಲೆಕ್ಕ ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ನಾನೇ ಕೇಳಿಕೊಳ್ಳಬೇಕು. ನನಗೆ ಇದು ಸರಿ ಅನಿಸುತ್ತದೆ. ನಿಮಗೆ ಅನಿಸದಿದ್ದರೆ ಅದಕ್ಕೂ ನನ್ನ ಗೌರವ ಇದೆ.

ಪ್ರಶ್ನೆ: ತಂದ ಮೇಲೆ ಅಡುಗೆ ಹೇಗೆ? ಗಟ್ಟಿ ಇರುತ್ತದೆ ಎನ್ನುತ್ತಾರೆ. (ಫಿಲಡೆಲ್ಫಿಯಾ)

ಉತ್ತರ: ಎದೆ ಮತ್ತು ಕಾಲನ್ನು ಒಂದೇ ಪಾತ್ರೆಗೆ ಹಾಕಿದರೆ ಗಟ್ಟಿಯಾಗುತ್ತದೆ. ಎದೆಯ ಮಾಂಸದಲ್ಲಿ ಕೊಬ್ಬೇ ಇಲ್ಲ. ಎಳೆಗೆ ಅಡ್ಡಡ್ಡ ತೆಳ್ಳಗೆ ಹೆಚ್ಚಿ, ಕರಿಮೆಣಸು, ಉಪ್ಪು, ನಿಂಬೆಹುಳಿ ಹಚ್ಚಿ ಅರ್ಧ ಗಂಟೆ ಇಡಿ. ಕಾದ ಹೆಂಚಿನ ಮೇಲೆ ತುಪ್ಪ ಹಾಕಿ ಎರಡೂ ಕಡೆ ಬೇಗ ಬೇಯಿಸಿ ತೆಗೆಯಿರಿ. ಕಾಲಿನಲ್ಲಿ ನರಗಳು ದಬ್ಬಣದ ಹಾಗೆ ಇರುತ್ತವೆ. ಅದಕ್ಕೆ ಸಣ್ಣ ಉರಿಯಲ್ಲಿ ಮೂರು ಗಂಟೆ ಬೇಕು. ಮಾಂಸ ತಾನಾಗಿ ಮೂಳೆ ಬಿಡುತ್ತದೆ, ನರ ಎಳೆದು ಬಿಸಾಡಿ. ಆಮೇಲೆ ಹುರಿದ ಕೊತ್ತಂಬರಿ, ಮೆಣಸು, ಜೀರಿಗೆ, ತೆಂಗಿನಕಾಯಿ ಅರೆದು ಹಾಕಿ ಸಾರು ಮಾಡಿ. ನಮ್ಮ ಮನೆಯಲ್ಲಿ ಅದಕ್ಕೆ ಅಕ್ಕಿ ಕಡುಬು.

ಶುಚಿ ಮಾಡುವಾಗ ಕೊರಳ ಬುಡದ ಮೇವಿನ ಚೀಲವನ್ನು ಬಿಸಾಡುವ ಮುಂಚೆ ಸೀಳಿ ನೋಡಿ. ಹೋದ ಮೇ ತಿಂಗಳ ಹಕ್ಕಿಯಲ್ಲಿ ಎಳೆ ಹುಲ್ಲಿನ ಚಿಗುರು, ಮೂರು ಕಪ್ಪು ಜೀರುಂಡೆ, ಮುಷ್ಟಿ ತುಂಬ ಹಳೆಯ ಓಕ್ ಬೀಜ ಇದ್ದವು. ಓಕ್ ಮರಗಳಿರುವುದು ಗುಡ್ಡದ ನೆತ್ತಿಯಲ್ಲಿ. ಎರಡು ವಾರದಿಂದ ನಾನು ಕೂರುತ್ತಿದ್ದದ್ದು ಕೆಳಗೆ, ಹಳ್ಳದ ಹತ್ತಿರ.